ತೋಳ ಎಂಟು, ಸರದಿ ಯಾರದ್ದು? ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಮಾಯಾ ಸಹಾಯಕರು ಮತ್ತು ಅಪ್ಪಣೆಯ ಬೆಲೆ

ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿ 2014ರಲ್ಲಿ ಹೊರಬಂದಾಗ, ಅದರ ‘ಕಾಂಜ್ಯೂರ್ ಆನಿಮಲ್ಸ್’ ಎಂಬ ಮೂರನೇ ಹಂತದ ಮಂತ್ರ ಮೇಲ್ನೋಟಕ್ಕೆ ಸಾಧುವಾಗಿಯೇ ಇತ್ತು. ಬಲಿಷ್ಠ ಮೃಗವೊಂದನ್ನು ಕರೆಯಬಹುದು, ಇಲ್ಲವೇ ಬಲ ಕಡಿಮೆಯಾದಷ್ಟೂ ಸಂಖ್ಯೆ ಹೆಚ್ಚಿಸಿಕೊಂಡು ಎರಡು, ನಾಲ್ಕು, ಎಂಟರವರೆಗೆ ಹೋಗಬಹುದು. ಬಾಯಿಮಾತಿನ ಅಪ್ಪಣೆ ಸಾಕು; ಅದಕ್ಕೆ ಮಾಂತ್ರಿಕನ ಸರದಿಯಲ್ಲಿ ಏನೂ ಖರ್ಚಾಗುವುದಿಲ್ಲ. ತೊಡಕು ಇದ್ದದ್ದು ಈ ಕೊನೆಯ ಮಾತಿನಲ್ಲಿ.

ಲೆಕ್ಕ ಹಾಕಿ ನೋಡಬಹುದು. ಎದುರಾಳಿಯ ರಕ್ಷಣಾಂಕ 15 ಎಂದಿಟ್ಟುಕೊಳ್ಳೋಣ. ತೋಳ ಕಚ್ಚುವಾಗ ಇಪ್ಪತ್ತು ಮುಖದ ದಾಳಕ್ಕೆ 4 ಸೇರುತ್ತದೆ, ಆದ್ದರಿಂದ ಗುರಿ ತಾಗುವ ಸಂಭವ ಅರ್ಧ. ಆದರೆ ತೋಳಗಳಿಗೆ ಹಿಂಡಿನ ಬಲವಿದೆ: ಜೊತೆಗಾರ ಶತ್ರುವಿನ ಮಗ್ಗುಲಲ್ಲಿದ್ದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆಗ ಸಂಭವ ಶೇ. 75. ಒಂದು ಕಡಿತಕ್ಕೆ ಸರಾಸರಿ 7 ಅಂಕದ ಪೆಟ್ಟು. ಎಂಟೂ ತೋಳಗಳು ಶತ್ರುವನ್ನು ಸುತ್ತುವರಿದರೆ ಒಂದು ಸುತ್ತಿಗೆ 42. ಈ ಮಂತ್ರ ಕೈಗೆ ಬರುವ ಐದನೇ ಮಟ್ಟದಲ್ಲಿ, ಎರಡು ಕೈಯ ಕತ್ತಿ ಹಿಡಿದ ಯೋಧ ಎರಡು ಬಾರಿ ಬೀಸಿದರೂ ಅದೇ ಶತ್ರುವಿನ ಮೇಲೆ ಸರಾಸರಿ 14ರ ಆಸುಪಾಸಿನಲ್ಲೇ ನಿಲ್ಲುತ್ತಾನೆ. ಆಳು ಮಾಡಿದ್ದು ಹಾಳು ಎಂಬ ಗಾದೆ ಇಲ್ಲಿ ಪೂರ್ತಿ ತಲೆಕೆಳಗು. ಜೊತೆಗೆ ಎಂಟು ನಡೆ, ಹದಿನಾರು ದಾಳ, ತಾಗಿದ ಪ್ರತಿ ಕಡಿತಕ್ಕೂ ಶತ್ರು ನೆಲಕ್ಕೆ ಬಿದ್ದನೇ ಎಂಬ ಪರೀಕ್ಷೆ. ಆಟದ ಒಳಗೆ ಒಂದು ಸುತ್ತು ಆರು ಸೆಕೆಂಡು ಮಾತ್ರ. ಮೇಜಿನ ಮೇಲೆ ಆ ಆರು ಸೆಕೆಂಡು ಮುಗಿಯುವಷ್ಟರಲ್ಲಿ ಉಳಿದವರ ಚಹಾ ಆರಿರುತ್ತದೆ.

ಸಹಾಯಕರ ನಿಯಮಗಳನ್ನು ಸಾಮಾನ್ಯವಾಗಿ ಬಲಾಬಲದ ಪ್ರಶ್ನೆಯಾಗಿ ಓದುತ್ತಾರೆ. ಅವುಗಳನ್ನು ಸಮಯದ ಹಂಚಿಕೆಯಾಗಿ ಓದುವುದು ಹೆಚ್ಚು ಫಲಕಾರಿ ಎಂಬುದು ಈ ಲೇಖನದ ವಾದ. ಕರೆಸಿಕೊಂಡ ಜೀವಿ ಯಾರ ಸರದಿಯನ್ನು ತಿನ್ನುತ್ತದೆ ಎಂಬುದಕ್ಕೆ ಪ್ರತಿ ಆವೃತ್ತಿಯೂ ಬೇರೆ ಉತ್ತರ ಕೊಟ್ಟಿದೆ. ಆ ಉತ್ತರದ ಜೊತೆಗೇ ಸಹಾಯಕ ಎಂದರೆ ಏನು ಎಂಬ ಕಲ್ಪನೆಯೂ ಬದಲಾಗಿದೆ.

ಮೂಲದಲ್ಲಿ ಈ ಆಟ ಸೈನ್ಯಗಳದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದ ‘ಚೈನ್‌ಮೇಲ್’ ಪುಟ್ಟ ಬೊಂಬೆಗಳ ಯುದ್ಧದಾಟ. ಅಲ್ಲಿ ಒಬ್ಬ ಆಟಗಾರ ದಂಡನ್ನೇ ನಡೆಸುತ್ತಿದ್ದ. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸಿದಾಗ ದಂಡು ಕರಗಿ ಒಬ್ಬ ಪಾತ್ರಧಾರಿ ಉಳಿದ, ಆದರೆ ಕೂಲಿ ಭಟರು ಹೋಗಲಿಲ್ಲ. ಎಷ್ಟು ಜನ ಅವನ ಹಿಂದೆ ಬರುತ್ತಾರೆ, ಎಷ್ಟು ನಿಷ್ಠರಾಗಿರುತ್ತಾರೆ ಎಂಬುದನ್ನು ಅವನ ‘ಕರಿಸ್ಮಾ’ ಅಂಕ ತೀರ್ಮಾನಿಸುತ್ತಿತ್ತು. ಧೈರ್ಯಗೆಟ್ಟರೆ ಭಟ ಓಡಿಹೋಗುತ್ತಿದ್ದ. ಸಹಾಯಕನಿಗೂ ಒಂದು ಮನಸ್ಸಿತ್ತು ಎಂದರ್ಥ. 1978ರ ಅಡ್ವಾನ್ಸ್ಡ್ ಆವೃತ್ತಿಯ ಕೈಪಿಡಿಯಲ್ಲಿ ಭೂತತತ್ತ್ವದ ಜೀವಿಯನ್ನು ಕರೆದ ಮಾಂತ್ರಿಕನ ಏಕಾಗ್ರತೆ ಕದಡಿದರೆ ಅದು ಕರೆದವನ ಮೇಲೇ ಎರಗುತ್ತಿತ್ತು.

ಈ ಬೆದರಿಕೆ 2014ರಲ್ಲೂ ಉಳಿದಿತ್ತು. ‘ಕಾಂಜ್ಯೂರ್ ಎಲಿಮೆಂಟಲ್’ ಹಾಕಿದವನಿಗೆ ಪೆಟ್ಟು ಬಿದ್ದರೆ ಏಕಾಗ್ರತೆಯ ಪರೀಕ್ಷೆ. ಸೋತರೆ ಆ ಜೀವಿ ಮಾಯವಾಗದೆ ಶತ್ರುವಾಗುತ್ತದೆ, ಕರೆದ ಹೊತ್ತಿನಿಂದ ಒಂದು ಗಂಟೆ ತುಂಬುವವರೆಗೆ ಅದನ್ನು ಹಿಂದೆ ಕಳಿಸುವ ದಾರಿಯೂ ಇಲ್ಲ.

2014ರ ಕೈಪಿಡಿಯಲ್ಲಿ ಅಪ್ಪಣೆಗೆ ಒಂದೇ ದರ ಇರಲಿಲ್ಲ ಎಂಬುದು ಗಮನಾರ್ಹ. ತೋಳಗಳಿಗೆ ಪುಕ್ಕಟೆ. ‘ಆನಿಮೇಟ್ ಡೆಡ್’ನಿಂದ ಎದ್ದ ಅಸ್ಥಿಪಂಜರಗಳಿಗೆ ಬೋನಸ್ ಆಕ್ಷನ್, ಅಂದರೆ ಸರದಿಯ ಚಿಲ್ಲರೆ; ಅದರಲ್ಲಿ ಎಷ್ಟು ಅಸ್ಥಿಪಂಜರಗಳಿಗಾದರೂ ಅಪ್ಪಣೆ ಕೊಡಬಹುದು, ಆದರೆ ಎಲ್ಲಕ್ಕೂ ಒಂದೇ ಅಪ್ಪಣೆ. ‘ಬೀಸ್ಟ್ ಮಾಸ್ಟರ್’ ರೇಂಜರ್‌ನ ಸಾಕುಪ್ರಾಣಿಗೆ ಮಾತ್ರ ದುಬಾರಿ ಬೆಲೆ: ಅದು ಕಚ್ಚಬೇಕಾದರೆ ಒಡೆಯ ತನ್ನ ಇಡೀ ಆಕ್ಷನ್ ಬಿಟ್ಟುಕೊಡಬೇಕು. ಐದನೇ ಮಟ್ಟಕ್ಕೆ ಬರುವವರೆಗೆ ಒಂದೋ ಅವನು ಬಾಣ ಬಿಡಬೇಕು, ಇಲ್ಲವೇ ಪ್ರಾಣಿಯನ್ನು ಛೂ ಬಿಡಬೇಕು. ಪ್ರಾಣಿಸಖ್ಯವೇ ಹೆಗ್ಗುರುತಾದ ಪಾತ್ರಕ್ಕೆ ಇಂಥ ದಂಡ ಹಾಕಿದ್ದು ಅನ್ಯಾಯವೆಂದೇ ಹೇಳಬೇಕು.

ಎಲ್ಲಕ್ಕಿಂತ ಜಾಣತನದ ಉತ್ತರ ಒಂದು ಗೂಬೆಯಲ್ಲಿದೆ. ‘ಫೈಂಡ್ ಫ್ಯಾಮಿಲಿಯರ್’ ಮಂತ್ರದಿಂದ ಬಂದ ಪ್ರಾಣಿಗೆ ತನ್ನದೇ ಸರದಿಯುಂಟು, ಆದರೆ ದಾಳಿ ಮಾಡುವಂತಿಲ್ಲ. ಅದು ಮಾಡಬಹುದಾದದ್ದು ಶತ್ರುವಿನ ಗಮನ ಸೆಳೆದು ಗೆಳೆಯನೊಬ್ಬನ ಮುಂದಿನ ದಾಳಿಗೆ ಎರಡು ದಾಳ ಕೊಡಿಸುವುದು. ಗೂಬೆ ಹಾರಿ ಹೊರಟಾಗ ಎದುರಾಳಿ ಹಿಂದಿನಿಂದ ಹೊಡೆಯುವಂತೆಯೂ ಇಲ್ಲ. ಅದರ ಜೀವಾಂಕ ಒಂದೇ ಒಂದು. ಬಿರುಗಾಳಿಯಂಥ ಯಾವ ಮಂತ್ರ ಸೋಕಿದರೂ ಮುಗಿಯಿತು. ಸರದಿ ಕಿರಿದು, ದಾಳ ಉರುಳುವುದು ಗೆಳೆಯನ ಕೈಯಲ್ಲಿ, ಆದರೂ ಗೂಬೆ ಅಲ್ಲೊಂದು ಪಾತ್ರವಾಗಿಯೇ ಇರುತ್ತದೆ.

ಪೈಜೊ ಸಂಸ್ಥೆಯ ‘ಪಾತ್‌ಫೈಂಡರ್’ ಎರಡನೇ ಆವೃತ್ತಿ, 2019ರಲ್ಲಿ, ವ್ಯವಹಾರವನ್ನು ನೇರ ಮಾಡಿತು. ಪ್ರತಿಯೊಬ್ಬನಿಗೂ ಸರದಿಗೆ ಮೂರು ಕ್ರಿಯೆ. ಅವುಗಳಲ್ಲಿ ಒಂದನ್ನು ಒಡೆಯ ಖರ್ಚು ಮಾಡಿದರೆ ಸಹಾಯಕನಿಗೆ ಎರಡು. ಲಾಭ ಉಂಟು, ಮಿತಿಯೂ ಉಂಟು. ಮರುವರ್ಷ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ‘ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ ಬೇರೆ ದಾರಿ ಹಿಡಿಯಿತು: ‘ಸಮನ್ ಬೀಸ್ಟ್’ನಂಥ ಮಂತ್ರಕ್ಕೆ ಒಂದೇ ಜೀವಿ, ಅಪ್ಪಣೆ ಪುಕ್ಕಟೆ, ಸರದಿ ಕರೆದವನ ಬೆನ್ನಿಗೇ. ಅಪ್ಪಣೆ ಬಾರದಿದ್ದರೆ ಅದು ತಪ್ಪಿಸಿಕೊಳ್ಳುತ್ತಾ ನಿಲ್ಲುತ್ತದೆ. ರೇಂಜರ್‌ನ ಪ್ರಾಣಿಯ ದರವೂ ಇದೇ ಪುಸ್ತಕದಲ್ಲಿ ಬೋನಸ್ ಆಕ್ಷನ್‌ಗೆ ಇಳಿಯಿತು.

2024ರ ಪರಿಷ್ಕೃತ ಕೈಪಿಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ‘ಕಾಂಜ್ಯೂರ್ ಆನಿಮಲ್ಸ್’ನಲ್ಲಿ ಈಗ ತೋಳಗಳೇ ಇಲ್ಲ. ಮುಟ್ಟಲಾಗದ ಛಾಯಾಮೃಗಗಳ ಒಂದು ಹಿಂಡು ಮಾಂತ್ರಿಕ ನಡೆದಾಗ ಜೊತೆಗೆ 30 ಅಡಿ ಸರಿಯಬಲ್ಲದು. ಅದರಿಂದ 10 ಅಡಿಯೊಳಗೆ ಸಿಕ್ಕ ಶತ್ರು ಚುರುಕಾಗಿ ತಪ್ಪಿಸಿಕೊಳ್ಳದಿದ್ದರೆ ಹತ್ತು ಮುಖದ ಮೂರು ದಾಳದಷ್ಟು ಪೆಟ್ಟು. ‘ಕಾಂಜ್ಯೂರ್ ಎಲಿಮೆಂಟಲ್’ ಕೂಡ ಇದೇ ಬಗೆಯ ಛಾಯೆಯಾಗಿದೆ, ತಿರುಗಿ ಬೀಳುವ ಮಾತೇ ಇಲ್ಲ. ಮೇಜಿನ ಮೇಲೆ ಇದರ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ಹೀಗೆ ಸಮಯ ಉಳಿಸುವಾಗ ಕೈಬಿಟ್ಟದ್ದು ಅವಿಧೇಯತೆಯ ಸಾಧ್ಯತೆಯನ್ನು. ತೋಳವನ್ನು ಬಾಗಿಲಿಗೆ ಕಾವಲಿಡುವ, ಗಾಯಾಳುವನ್ನು ಅದರ ಬೆನ್ನ ಮೇಲೆ ಸಾಗಿಸುವ ಉಪಾಯಗಳೂ ಜೊತೆಗೇ ಹೋದವು. ಹಳೆಯ ಪದ್ಧತಿಯ ಸುಳಿವು ಈ ಕೈಪಿಡಿಯಲ್ಲಿ ಉಳಿದಿರುವುದು ‘ಆನಿಮೇಟ್ ಡೆಡ್’ನಂಥ ಕೆಲವು ಮಂತ್ರಗಳಲ್ಲಿ: ಎದ್ದ ಅಸ್ಥಿಪಂಜರ 24 ಗಂಟೆ ಮಾತ್ರ ಮಾತು ಕೇಳುತ್ತದೆ, ಅಷ್ಟರೊಳಗೆ ಮಂತ್ರವನ್ನು ಮತ್ತೆ ಹಾಕದಿದ್ದರೆ ಅದರ ಮೇಲೆ ಮಾಂತ್ರಿಕನ ಅಧಿಕಾರ ನಡೆಯುವುದಿಲ್ಲ.