ಕಡತ ಉಳಿದರೂ ದಾರಿ ಅಳಿದರೆ

ಇತಿಹಾಸ ಬರೆಯುವವರಿಗೆ ದಾಖಲೆಯಷ್ಟೇ ಆ ದಾಖಲೆಯ ವಿಳಾಸವೂ ಮುಖ್ಯ. ಹಳೆಯ ಪತ್ರವೊಂದರ ಅಂಚಿನಲ್ಲಿ ‘ಇಂಥ ಸಂಖ್ಯೆಯ ಕಡತವನ್ನು ನೋಡುವುದು’ ಎಂಬ ಟಿಪ್ಪಣಿ ಇರುತ್ತದೆ. ಆ ಕಡತವನ್ನು ಗೆದ್ದಲು ತಿಂದಿರುವುದಿಲ್ಲ, ಬೆಂಕಿ ಸುಟ್ಟಿರುವುದಿಲ್ಲ. ಬೇರೊಂದು ಊರಿನಲ್ಲಿ, ಬೇರೊಂದು ಸಂಖ್ಯೆಯನ್ನು ಹೊತ್ತು, ಕಪಾಟಿನಲ್ಲಿ ಕ್ಷೇಮವಾಗಿಯೇ ಇರುತ್ತದೆ. ಆದರೂ ಟಿಪ್ಪಣಿಯನ್ನು ನಂಬಿ ಹೊರಟವರಿಗೆ ಅದು ದೊರಕುವುದಿಲ್ಲ. ದಾಖಲೆಗಳು ಸ್ಥಳಾಂತರಗೊಂಡಾಗಲೆಲ್ಲ ಹುಟ್ಟುವ ಈ ತೊಡಕನ್ನು ನಾವು ನೆಲೆಸಿರುವ ಕತಾರ್‌ನ ಇತಿಹಾಸವೂ ಬಲ್ಲದು, ನಾವು ಹುಟ್ಟಿದ ಕನ್ನಡ ನಾಡಿನ ಇತಿಹಾಸವೂ ಬಲ್ಲದು.

ಕತಾರ್‌ನ ಕಥೆಯಿಂದಲೇ ಆರಂಭಿಸೋಣ. ಪರ್ಷಿಯಾ ಕರಾವಳಿಯ ಬೂಶಹರ್‌ನಲ್ಲಿ 1763ರಲ್ಲಿ ನೆಲೆಯೂರಿದ ಬ್ರಿಟಿಷ್ ರೆಸಿಡೆನ್ಸಿಯು ಕೊಲ್ಲಿಯ ವ್ಯವಹಾರಗಳನ್ನು ನೋಡಿಕೊಳ್ಳುತ್ತಿತ್ತು. 1868ರ ಸೆಪ್ಟೆಂಬರ್ 12ರಂದು ಶೇಖ್ ಮೊಹಮ್ಮದ್ ಬಿನ್ ಥಾನಿ ಅವರು ಒಪ್ಪಂದ ಮಾಡಿಕೊಂಡದ್ದು ಈ ರೆಸಿಡೆನ್ಸಿಯ ಅಧಿಕಾರಿ ಲೂಯಿಸ್ ಪೆಲ್ಲಿಯೊಡನೆ. ಆಗ ಬೂಶಹರ್ ಕಚೇರಿಯು ಮುಂಬಯಿ ಸರಕಾರಕ್ಕೆ ಅಧೀನವಾಗಿತ್ತು. 1873ರಲ್ಲಿ ಭಾರತ ಸರಕಾರದ ನೇರ ಆಡಳಿತಕ್ಕೆ ಬಂತು. ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳೂ ಆಗ ಅದೇ ಮುಂಬಯಿ ಸರಕಾರದ ಆಳ್ವಿಕೆಯಲ್ಲಿದ್ದವು. ದೋಹಾದ ಸುದ್ದಿಯೂ ಕಾರವಾರದ ಸುದ್ದಿಯೂ ಒಂದೇ ಸರಕಾರದ ಮೇಜಿಗೆ ಹೋಗುತ್ತಿದ್ದ ಕಾಲವದು.

ಪತ್ರವು ಹೊರಟ ಕಚೇರಿ ಅದಕ್ಕೊಂದು ಸಂಖ್ಯೆ ಕೊಡುತ್ತಿತ್ತು, ತಲುಪಿದ ಕಚೇರಿ ಇನ್ನೊಂದು. ಕತಾರ್‌ನಲ್ಲಿ ಬಹುಕಾಲ ಪ್ರತ್ಯೇಕ ಬ್ರಿಟಿಷ್ ಕಚೇರಿ ಇಲ್ಲದ್ದರಿಂದ ಇಲ್ಲಿನ ವಿಷಯಗಳು ಬಹ್ರೇನ್ ಮತ್ತು ಬೂಶಹರ್‌ಗಳ ಕಡತಗಳಲ್ಲಿ ಹಂಚಿಹೋದವು. 1935ರಲ್ಲಿ ಸಹಿಯಾದ ತೈಲ ಒಪ್ಪಂದದ ಸುತ್ತಣ ಪತ್ರವ್ಯವಹಾರವನ್ನು ಬೂಶಹರ್‌ನ ಗುಮಾಸ್ತರು 82/27 ಎಂಬ ಕಡತಮಾಲೆಯಲ್ಲಿ ಸೇರಿಸಿದರು. ಅವರಿಗೆ ಆ ಸಂಖ್ಯೆ ಸಾಕಾಗಿತ್ತು, ಏಕೆಂದರೆ ಕಪಾಟು ಕಣ್ಣೆದುರಿಗೇ ಇತ್ತು. 1946ರಲ್ಲಿ ರೆಸಿಡೆನ್ಸಿಯೇ ಬಹ್ರೇನ್‌ಗೆ ಸ್ಥಳಾಂತರಗೊಂಡಿತು. ಕಾಲಕ್ರಮದಲ್ಲಿ ಕಾಗದಗಳು ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆಗಳನ್ನು ಸೇರಿದವು; 1982ರಲ್ಲಿ ಆ ಸಂಗ್ರಹವು ಬ್ರಿಟಿಷ್ ಲೈಬ್ರರಿಯ ವಶಕ್ಕೆ ಬಂತು. ಅಲ್ಲಿ ಬೂಶಹರ್‌ನ ಕಡತಗಳಿಗೆ ಆರ್/15/1, ಬಹ್ರೇನ್‌ನವಕ್ಕೆ ಆರ್/15/2 ಎಂಬ ಹೊಸ ಶ್ರೇಣಿಗಳಾದವು. ಆದರೆ ಪತ್ರಗಳ ಒಳಗೆ ಗುಮಾಸ್ತರು ಬರೆದಿದ್ದ ಸಂಖ್ಯೆಗಳು ಹಳೆಯವೇ. ಹೊದಿಕೆಯ ಮೇಲಿನ ವಿಳಾಸ ಬದಲಾಯಿತು, ಒಳಗಿನ ಕೈಮರಗಳು ಮೊದಲಿದ್ದ ದಿಕ್ಕನ್ನೇ ತೋರಿಸುತ್ತ ಉಳಿದವು.

ಕತಾರ್ ಫೌಂಡೇಶನ್, ಕತಾರ್ ರಾಷ್ಟ್ರೀಯ ಗ್ರಂಥಾಲಯ ಮತ್ತು ಬ್ರಿಟಿಷ್ ಲೈಬ್ರರಿಗಳ ಸಹಯೋಗದಿಂದ 2014ರ ಅಕ್ಟೋಬರಿನಲ್ಲಿ ಕತಾರ್ ಡಿಜಿಟಲ್ ಲೈಬ್ರರಿ ತೆರೆದಾಗ ಈ ಪುಟಗಳು ಎಲ್ಲರ ಪರದೆಗೂ ಬಂದವು. ಅಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಒಂದಿದೆ. ಕಡತದ ಲಂಡನ್ ಸಂಖ್ಯೆಯ ಜೊತೆಗೆ ಗುಮಾಸ್ತರು ಹೊದಿಕೆಯ ಮೇಲೆ ಬರೆದಿದ್ದ ಮೂಲ ಶೀರ್ಷಿಕೆ ಮತ್ತು ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಹೀಗಾಗಿ ಪತ್ರವೊಂದರಲ್ಲಿ 82/27 ಎಂಬ ಸೂಚನೆ ಕಂಡವರು ಆ ಸಂಖ್ಯೆಯನ್ನೇ ಹುಡುಕಿ ಕತಾರ್ ತೈಲದ ಕಡತಗಳನ್ನು ತಲುಪಬಹುದು. ಹಳೆಯ ಹೆಸರನ್ನು ಅಳಿಸದೆ ಹೊಸ ಹೆಸರನ್ನು ಇಟ್ಟದ್ದರ ಫಲವಿದು.

ನಮ್ಮ ಕರಾವಳಿಯ ಕಾಗದಗಳಿಗೆ ಇಂಥ ಒಂದೇ ಸೂರು ದೊರೆಯಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕೆನರಾ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆದಕಾರಣ ಉತ್ತರ ಕನ್ನಡದ ಒಂದು ಹಳ್ಳಿಯ ಕಂದಾಯದ ಚರಿತ್ರೆಯನ್ನು ಬರೆಯಹೊರಟವರು ಚೆನ್ನೈ, ಮುಂಬಯಿ, ಬೆಂಗಳೂರು ಮೂರಕ್ಕೂ ಹೋಗಬೇಕು. ಕಾಸರಗೋಡಿನ ಪಾಡು ಇನ್ನೂ ವಿಚಿತ್ರ. 1956ರವರೆಗೆ ಅದು ದಕ್ಷಿಣ ಕನ್ನಡದ ತಾಲ್ಲೂಕು. ಬಳಿಕ ಕೇರಳದ ಕಣ್ಣೂರು ಜಿಲ್ಲೆಯ ಭಾಗ. 1984ರಿಂದ ತಾನೇ ಒಂದು ಜಿಲ್ಲೆ. ಮನೆಯೂ ತೋಟವೂ ಕದಲಲಿಲ್ಲ, ಆದರೆ ಅಜ್ಜನ ಕಾಲದ ಪತ್ರ ಒಂದು ಜಿಲ್ಲೆಯನ್ನು ಹೇಳುತ್ತದೆ, ಅಪ್ಪನ ಕಾಲದ್ದು ಇನ್ನೊಂದನ್ನು, ಇಂದಿನದು ಮತ್ತೊಂದನ್ನು. ಗಡಿನಾಡಿನಿಂದ ಬಂದ ನಮ್ಮ ಸದಸ್ಯ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕದಲದ ಕಲ್ಲಿಗೂ ವಿಳಾಸ ತಪ್ಪುತ್ತದೆ ಎಂಬುದಕ್ಕೆ ನಮ್ಮ ಶಾಸನಗಳೇ ಸಾಕ್ಷಿ. ಬೆಂಗಳೂರಿನಲ್ಲಿ ಹುಟ್ಟಿ ಕನ್ನಡದ ಸೇವೆಗೈದ ಬಿ.ಎಲ್. ರೈಸ್ ಅವರು 1886ರಿಂದ 1905ರ ನಡುವೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳನ್ನು ಹೊರತಂದು, ಸುಮಾರು 9,000 ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಅಚ್ಚು ಮಾಡಿಸಿದರು. ಕದಂಬರ ಇತಿಹಾಸಕ್ಕೆ ಆಧಾರವಾದ ತಾಳಗುಂದದ ಸ್ತಂಭಶಾಸನವನ್ನು ವಿದ್ವಾಂಸರು ಇಂದಿಗೂ ‘7ನೆಯ ಸಂಪುಟ, ಶಿಕಾರಿಪುರ 176’ ಎಂದು ಉಲ್ಲೇಖಿಸುತ್ತಾರೆ. ಅದೇ 7ನೆಯ ಸಂಪುಟದಲ್ಲಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರಿಂದ ದಾವಣಗೆರೆ ಜಿಲ್ಲೆಯಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಆವೃತ್ತಿಯನ್ನು ತರತೊಡಗಿದಾಗ ಸಂಪುಟಗಳ ವಿಂಗಡಣೆಯೂ ಬದಲಾಯಿತು. ರೈಸ್ ಅವರ 9ನೆಯ ಸಂಪುಟವೆಂದರೆ ಬೆಂಗಳೂರು. ಪರಿಷ್ಕೃತ ಆವೃತ್ತಿಯ 9ನೆಯ ಸಂಪುಟವೆಂದರೆ ಬೇಲೂರು.

ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ. 1889ರಲ್ಲಿ ರೈಸ್ ಪ್ರಕಟಿಸಿದ್ದು 144 ಶಾಸನಗಳನ್ನು, 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ ಅವು 500 ಆದವು. 1973ರ ಆವೃತ್ತಿಯಲ್ಲಿ 573. ಜ್ಞಾನ ಬೆಳೆಯಿತು, ಅದು ಸಂತೋಷದ ವಿಷಯ. ಆದರೆ ಪ್ರತಿ ಬಾರಿಯೂ ನಡುನಡುವೆ ಹೊಸವು ಸೇರಿ ಹಳೆಯ ಸಂಖ್ಯೆಗಳು ಸರಿದವು. 1900ರ ಸುಮಾರಿನ ಲೇಖನವೊಂದರ ಅಡಿಟಿಪ್ಪಣಿಯಲ್ಲಿರುವ ಸಂಖ್ಯೆಯನ್ನು ಇಂದಿನ ಸಂಪುಟದಲ್ಲಿ ತೆರೆದರೆ ಬೇರೆಯೇ ಶಾಸನ ಎದುರಾಗಬಹುದು. ದಾರಿ ಮುಚ್ಚಿದ್ದರೆ ನಾವು ಎಚ್ಚರಗೊಳ್ಳುತ್ತೇವೆ. ದಾರಿ ಬೇರೆ ಮನೆಗೆ ಕೊಂಡೊಯ್ದರೆ ಅದನ್ನೇ ಸರಿಯೆಂದು ನಂಬುವ ಅಪಾಯವಿದೆ. ಪರಿಷ್ಕೃತ ಸಂಪುಟಗಳ ಸಂಪಾದಕರು ಇದನ್ನು ಅರಿತೇ ಹೊಸ ಸಂಖ್ಯೆಯ ಜೊತೆಗೆ ಹಳೆಯ ಸಂಪುಟ, ತಾಲ್ಲೂಕು, ಸಂಖ್ಯೆಗಳನ್ನೂ ನಮೂದಿಸುವ ಕ್ರಮವನ್ನು ಇಟ್ಟುಕೊಂಡರು. ಒಂದೇ ಸಾಲಿನ ಆ ನಮೂದು ಒಂದು ಶತಮಾನದ ಸಂಶೋಧನೆಯನ್ನು ಇಂದಿನ ಓದುಗರಿಗೆ ಜೋಡಿಸುತ್ತದೆ.

ಗಣಕಯುಗದಲ್ಲಿ ಈ ತೊಡಕು ಕಡಿಮೆಯಾಗಲಿಲ್ಲ, ವೇಗವಾಯಿತು. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖಗೊಂಡ ಅಂತರಜಾಲ ಕೊಂಡಿಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಯನ್ನು ತೋರಿಸುತ್ತಿಲ್ಲವೆಂದು ಹಾರ್ವರ್ಡ್‌ನ ವಿದ್ವಾಂಸರು 2014ರಲ್ಲಿ ಪ್ರಕಟಿಸಿದರು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದಾಗ ಕಪಾಟಿನ ಒಂದು ಪುಸ್ತಕವೂ ಹಾಳಾಗಲಿಲ್ಲ, ಆದರೆ ಗ್ರಂಥಸೂಚಿ ತಿಂಗಳುಗಟ್ಟಲೆ ತೆರೆಯಲಿಲ್ಲ. ಸೂಚಿಯಿಲ್ಲದ ಭಂಡಾರವು ಬೀಗ ಹಾಕಿದ ಭಂಡಾರಕ್ಕೆ ಸಮ. ಕತಾರ್ ಡಿಜಿಟಲ್ ಲೈಬ್ರರಿಯು ತನ್ನ ಪುಟಗಳಿಗೆ ‘ಆರ್ಕ್’ ಎಂಬ ಶಾಶ್ವತ ಗುರುತನ್ನು ಕೊಟ್ಟಿರುವುದು ಇದಕ್ಕೊಂದು ಪರಿಹಾರ. ಕಡತ ಯಾವ ಗಣಕಕ್ಕೆ ಹೋದರೂ ಗುರುತು ಬದಲಾಗಬಾರದೆಂಬುದು ಅದರ ತತ್ತ್ವ. ಗುರುತನ್ನು ಹೊಸ ಜಾಗಕ್ಕೆ ಜೋಡಿಸುತ್ತಿರಲು ಮಾತ್ರ ಮನುಷ್ಯರೇ ಬೇಕು.

ಇಷ್ಟನ್ನೂ ಹೇಳಲು ಕಾರಣವಿದೆ. ಕತಾರ್‌ನಲ್ಲಿ ನಮ್ಮ ವಾಸ್ತವ್ಯ ಉದ್ಯೋಗದ ಅವಧಿಗೆ ಕಟ್ಟುಬಿದ್ದದ್ದು. ಕಾರ್ಯಕಾರಿ ಸಮಿತಿಗಳು ಬದಲಾಗುತ್ತವೆ, ಕುಟುಂಬಗಳು ಊರಿಗೆ ಮರಳುತ್ತವೆ. ಅನಿವಾಸಿ ಕನ್ನಡ ಸಂಘಗಳ ನಡಾವಳಿ, ಛಾಯಾಚಿತ್ರ, ಸ್ಮರಣಸಂಚಿಕೆಗಳು ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಗಣಕದಿಂದ ಇನ್ನೊಂದಕ್ಕೆ ಸಾಗುತ್ತವೆ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ಬರಹಗಳು ಹೊಸ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವುದೂ ಉಂಟು. ಇವನ್ನು ಪರಿವರ್ತಿಸುವಾಗ, ಸಾಗಿಸುವಾಗ, ಹೊಸ ಹೆಸರಿಡುವಾಗ ಹಳೆಯ ಹೆಸರು, ಹಳೆಯ ಸ್ಥಳ, ಸಾಗಿಸಿದ ದಿನಾಂಕ, ಹೊಸ ಸ್ಥಳ ಈ ನಾಲ್ಕನ್ನು ಒಂದು ಪಟ್ಟಿಯಲ್ಲಿ ಬರೆದಿಡುವುದು ದೊಡ್ಡ ಕೆಲಸವಲ್ಲ. ಆ ಪಟ್ಟಿಯ ಪ್ರತಿ ಇಬ್ಬರು ಮೂವರ ಬಳಿ ಇರಲಿ. ಮೂಲ ಪ್ರತಿಯನ್ನು ಪರಿವರ್ತನೆಯಾದ ಮೇಲೂ ಅಳಿಸದಿರೋಣ.

ನಮ್ಮ ಮಕ್ಕಳಲ್ಲೊಬ್ಬರು ಮುಂದೊಂದು ದಿನ ಕೊಲ್ಲಿಯ ಕನ್ನಡಿಗರ ಇತಿಹಾಸವನ್ನು ಬರೆಯಲು ಕುಳಿತಾರು. ಬೂಶಹರ್‌ನ ಗುಮಾಸ್ತರ ಸಂಖ್ಯೆಗಳು ಇಂದಿಗೂ ದಾರಿ ತೋರುತ್ತಿವೆ. ಅಂಥದೊಂದು ದಾರಿಯನ್ನು ಅವರಿಗಾಗಿ ಉಳಿಸುವುದು ನಮ್ಮಿಂದ ಆಗಬೇಕಾದ ಕೆಲಸ.