ಬೆಸುಗೆಯ ಮೇಲೆ ಓಡುವ ಗರಗಸ

ಮಾಗಡಿ ರಸ್ತೆಯಿಂದ ಗೋವಿಂದರಾಜನಗರದ ಒಳದಾರಿಗಳಿಗೆ ತಿರುಗಿದರೆ ಮನೆಗಳ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಮರಗೆಲಸದ ಶೆಡ್ಡು ಸಿಗುತ್ತದೆ. ತಗಡಿನ ಮಾಡು, ಗೋಡೆಗೆ ಒರಗಿಸಿಟ್ಟ ಬಾಗಿಲ ಚೌಕಟ್ಟುಗಳು, ಕಾಲಡಿ ಮರದ ಹೊಟ್ಟು, ಒಳಗಿನಿಂದ ಏರುತ್ತ ಇಳಿಯುತ್ತ ಬರುವ ಕೀರಲು ದನಿ. ಇನ್ನೂ ಮುಂದೆ ಮೈಸೂರು ರಸ್ತೆಗೆ ಹೋದರೆ ಟಿಂಬರ್ ಯಾರ್ಡ್ ಲೇಔಟ್ ಎಂಬ ಹೆಸರಿನ ಬಡಾವಣೆಯೇ ಇದೆ. ಈ ಕೀರಲು ದನಿ ಬ್ಯಾಂಡ್ ಸಾ ಎಂಬ ಯಂತ್ರದ್ದು. ಮದುವೆ ಮನೆಯ ಬ್ಯಾಂಡಿಗೂ ಇದಕ್ಕೂ ನಂಟಿಲ್ಲ. ಇಲ್ಲಿ ಬ್ಯಾಂಡ್ ಎಂದರೆ ಪಟ್ಟಿ. ಮೇಲೊಂದು ಕೆಳಗೊಂದು ಗಾಲಿ, ಎರಡನ್ನೂ ಸುತ್ತಿ ಓಡುವ ಉಕ್ಕಿನ ತೆಳು ಪಟ್ಟಿ, ಪಟ್ಟಿಯ ಒಂದು ಅಂಚಿಗೆ ಹಲ್ಲು. ನೋಡಲು ಇಷ್ಟೇ. ಆದರೆ ಇಷ್ಟು ಸರಳವಾದ ಯಂತ್ರ ಕಾಗದದಿಂದ ಕಾರ್ಖಾನೆಗೆ ಬರಲು ಸುಮಾರು ನಾಲ್ಕು ದಶಕ ಹಿಡಿಯಿತು. ಆಗ ಅದನ್ನು ತಡೆದು ನಿಲ್ಲಿಸಿದ್ದ ತೊಡಕೇ ಇಂದಿಗೂ ಅದರ ಮುಂದೆ ನಿಂತು ದುಡಿಯುವವನ ಕೈಬೆರಳುಗಳಿಗೆ ಸಂಬಂಧಿಸಿದ್ದು.

ಯಂತ್ರ ಬರುವ ಮುನ್ನ ನಮ್ಮಲ್ಲಿ ದಿಮ್ಮಿ ಕೊಯ್ಯುತ್ತಿದ್ದವರು ಇಬ್ಬರು ಆಳುಗಳು. ಗುಂಡಿಯ ಮೇಲೆ ಅಡ್ಡ ಮಲಗಿಸಿದ ಅಥವಾ ಮರದ ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದ ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ. ನಡುವೆ ಆಳುದ್ದದ ಗರಗಸ. ಮೇಲಿನವನು ಗೆರೆ ನೋಡಿಕೊಂಡು ಎಳೆಯಬೇಕು, ಕೆಳಗಿನವನು ಕಣ್ಣಿಗೆ ಹುಡಿ ಬೀಳಿಸಿಕೊಳ್ಳುತ್ತ ಎಳೆಯಬೇಕು. ನಿಧಾನದ ಕೆಲಸ, ಗರಗಸ ನಿಲ್ಲಬೇಕಾದರೆ ಇಬ್ಬರಲ್ಲಿ ಒಬ್ಬ ಕೈ ಬಿಟ್ಟರೆ ಸಾಕಿತ್ತು.

ಯುರೋಪಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಚಕ್ರಾಕಾರದ ಗರಗಸ ಬಂತು. ಅದು ವೇಗದ್ದು ನಿಜ, ಆದರೆ ನುಂಗುವುದೂ ಹೆಚ್ಚು. ದೊಡ್ಡ ಚಕ್ರ ಬಳುಕದಿರಬೇಕಾದರೆ ಅದು ದಪ್ಪವಾಗಿರಬೇಕು. ದಪ್ಪವಾದಷ್ಟೂ ಹೊಟ್ಟು ಜಾಸ್ತಿ. ಒಂದು ಸಣ್ಣ ಲೆಕ್ಕ ಹಾಕೋಣ. 30 ಸೆಂಟಿಮೀಟರ್ ಅಗಲದ ತೊಲೆಯಿಂದ ಎರಡೂವರೆ ಸೆಂಟಿಮೀಟರ್ ದಪ್ಪದ ಹಲಗೆ ತೆಗೆಯಬೇಕು. ಪ್ರತಿ ಕೊಯ್ತಕ್ಕೆ 6 ಮಿಲಿಮೀಟರ್ ಹೊಟ್ಟಾದರೆ ಸಿಗುವ ಪೂರ್ಣ ಹಲಗೆಗಳು ಒಂಬತ್ತು. ಎರಡೂವರೆ ಮಿಲಿಮೀಟರ್ ಮಾತ್ರ ಹೊಟ್ಟಾದರೆ ಹನ್ನೊಂದು. ತೇಗದ ಬೆಲೆ ಬಲ್ಲವರಿಗೆ ಆ ಎರಡು ಹಲಗೆಗಳ ಮಹತ್ವವನ್ನು ವಿವರಿಸಬೇಕಾಗಿಲ್ಲ.

ತೆಳು ಪಟ್ಟಿಯ ಗರಗಸ ಈ ಆಸೆಯನ್ನು ಪೂರೈಸಬಲ್ಲದಾಗಿತ್ತು. ಲಂಡನ್ನಿನ ವಿಲಿಯಂ ನ್ಯೂಬೆರಿ 1808-09ರ ಸುಮಾರಿಗೇ ಅದಕ್ಕೆ ಪೇಟೆಂಟ್ ಪಡೆದ. ಯಂತ್ರದ ಕಲ್ಪನೆಯಲ್ಲಿ ದೋಷವಿರಲಿಲ್ಲ. ಓಡಿಸಿದರೆ ಮಾತ್ರ ಪಟ್ಟಿ ತುಂಡಾಗುತ್ತಿತ್ತು, ಅದೂ ಎರಡು ತುದಿಗಳನ್ನು ಕೂಡಿಸಿದ ಜಾಗದಲ್ಲೇ. ಗಾಲಿಯ ಮೇಲೆ ಬಾಗಿ, ಮತ್ತೆ ನೆಟ್ಟಗಾಗಿ, ಮತ್ತೆ ಬಾಗುವುದನ್ನು ಆ ಕಾಲದ ಉಕ್ಕಾಗಲಿ ಬೆಸುಗೆಯಾಗಲಿ ತಾಳುತ್ತಿರಲಿಲ್ಲ. ಈ ಕಗ್ಗಂಟನ್ನು ಬಿಡಿಸಿದವಳು ಆನ್ ಪೋಲಿನ್ ಕ್ರೆಪಿನ್ ಎಂಬ ಫ್ರೆಂಚ್ ಮಹಿಳೆ. ಬೆಸುಗೆಯ ಒಂದು ವಿಧಾನ ಕಂಡುಕೊಂಡು 1846ರಲ್ಲಿ ಪೇಟೆಂಟ್ ಪಡೆದ ಆಕೆ, ಬಳಿಕ ಅದರ ಹಕ್ಕನ್ನು ಪ್ಯಾರಿಸ್ಸಿನ ಪೆರಿನ್ ಕಂಪನಿಗೆ ಮಾರಿದಳು. ಆ ಬೆಸುಗೆಗೆ ಉತ್ತಮ ಉಕ್ಕು ಮತ್ತು ಹದ ಕೊಡುವ ಹೊಸ ಕ್ರಮ ಸೇರಿದಾಗ ಬಾಳಿಕೆ ಬರುವ ಪಟ್ಟಿ ಸಿದ್ಧವಾಯಿತು. ಯಂತ್ರಗಳ ಚರಿತ್ರೆಯಲ್ಲಿ ಗಾಲಿ, ಚೌಕಟ್ಟುಗಳನ್ನು ಕಟ್ಟಿದವರ ಹೆಸರುಗಳೇ ದೊಡ್ಡದಾಗಿ ಕಾಣುತ್ತವೆ. ಬೆಸೆದವಳ ಹೆಸರು ಕನ್ನಡದಲ್ಲಿ ಬರೆದಿರುವುದನ್ನು ನೀವು ಓದಿರುವ ಸಂಭವ ಕಡಿಮೆ.

ಸಣ್ಣ ಶೆಡ್ಡಿನಲ್ಲಿ ಇಂಥ ಯಂತ್ರ ಇಡಬೇಕಾದರೆ ವಿದ್ಯುತ್ತು ಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿಗೆ ಬಂತು. 1938ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯ ತೆರೆಯಿತು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮೂಲ ಅದೇ. ಸ್ವಾತಂತ್ರ್ಯಾನಂತರ ಕೈಗಾರಿಕಾ ಉಪನಗರವಾಗಿ ರಾಜಾಜಿನಗರ ಎದ್ದಿತು, ಅದರ ಆಸುಪಾಸಿನಲ್ಲಿ ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಒಂದೊಂದಾಗಿ ಬೆಳೆದವು. ಪ್ರತಿ ಹೊಸ ಮನೆಗೂ ಬಾಗಿಲು, ಕಿಟಕಿ, ಕಪಾಟು ಬೇಕಲ್ಲ!

ಈಗ ಯಂತ್ರದ ಬಳಿಗೆ ಬರೋಣ. ಮೂರಡಿ ವ್ಯಾಸದ ಗಾಲಿ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿ. ಆಗ ಪಟ್ಟಿಯ ವೇಗ ಗಂಟೆಗೆ ನೂರು ಕಿಲೋಮೀಟರಿಗೂ ಮೇಲೆ. ಪಟ್ಟಿ ಆರು ಮೀಟರ್ ಉದ್ದವಿದ್ದರೆ ಅದರ ಪ್ರತಿ ಭಾಗವೂ ಗಂಟೆಗೆ 34 ಸಾವಿರಕ್ಕೂ ಹೆಚ್ಚು ಬಾರಿ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಸಂಗತಿ. ಆದ್ದರಿಂದಲೇ ಪಟ್ಟಿಯ ದಪ್ಪ ಗಾಲಿಯ ವ್ಯಾಸದ ಸಾವಿರದಲ್ಲೊಂದು ಪಾಲನ್ನು ಮೀರಬಾರದೆಂಬ ಹಳೆಯ ಸೂತ್ರ: ಮೂರಡಿ ಗಾಲಿಗೆ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಹೆಚ್ಚು ಗಟ್ಟಿಯಾಗಿರಲೆಂದು ಸಣ್ಣ ಗಾಲಿಗೆ ದಪ್ಪ ಪಟ್ಟಿ ಹಾಕಿದರೆ ಅದು ಬೇಗ ಸೀಳುತ್ತದೆ.

ಸೀಳು ಹುಟ್ಟುವುದು ಸಾಮಾನ್ಯವಾಗಿ ಎರಡು ಕಡೆ: ಬೆಸುಗೆಯಲ್ಲಿ, ಇಲ್ಲವೇ ಎರಡು ಹಲ್ಲುಗಳ ನಡುವಿನ ಗುಳಿಯ ತಳದಲ್ಲಿ. ಅರ ಹಿಡಿದು ಹಲ್ಲು ಮಾಡುವವನು ಆತುರಪಟ್ಟು ಗುಳಿಯಲ್ಲಿ ಚೂಪು ಮೂಲೆ ಬಿಟ್ಟರೆ ಸೀಳು ಅಲ್ಲಿಂದಲೇ ಶುರು. ಗುಳಿ ದುಂಡಗಿರಬೇಕು. ಹಲ್ಲುಗಳನ್ನು ಎಡಕ್ಕೆ ಬಲಕ್ಕೆ ಸಮನಾಗಿ ಬಾಗಿಸಿರಬೇಕು. ಒಂದು ಕಡೆ ಹೆಚ್ಚಾದರೆ ಪಟ್ಟಿ ಗೆರೆ ಬಿಟ್ಟು ಆ ಕಡೆಗೆ ಎಳೆಯುತ್ತದೆ. ಬಿಳಿಗಾರ ಹಾಕಿ ಕೂಡಿಸಿದ ಬೆಸುಗೆಯನ್ನು ಪಟ್ಟಿಯ ದಪ್ಪಕ್ಕೇ ಉಜ್ಜಿ ಸಮ ಮಾಡಬೇಕು. ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಮೊಂಡು ಹಲ್ಲು ಚೂಪು ಹಲ್ಲಿಗಿಂತ ಅಪಾಯ ಎಂಬುದು ಹೊಸಬರಿಗೆ ವಿಚಿತ್ರವೆನಿಸೀತು. ಕಾರಣ ಸುಲಭ: ಕೊಯ್ಯದ ಗರಗಸಕ್ಕೆ ಮರವನ್ನು ಬಲವಾಗಿ ದೂಡಬೇಕಾಗುತ್ತದೆ, ದೂಡುತ್ತಿರುವಾಗ ಮರ ತಟ್ಟನೆ ಸೀಳಿಕೊಂಡರೆ ಕೈ ನೇರ ಪಟ್ಟಿಗೆ. ಓಡುವ ಪಟ್ಟಿಯಿಂದ ಸುತ್ತಿಗೊಮ್ಮೆ ಟಿಕ್ ಟಿಕ್ ಎಂದು ಕೇಳಿದರೆ ಸೀಳು ಬಿಟ್ಟಿರುವ ಸಂಭವ ಹೆಚ್ಚು. ಆಗ ಸ್ವಿಚ್ಚು ಆರಿಸಿ ಪಕ್ಕಕ್ಕೆ ಸರಿಯುವುದು ಬಿಟ್ಟು ಬೇರೆ ವಿದ್ಯೆ ಇಲ್ಲ.

ಚಕ್ರ ಗರಗಸದಂತೆ ಬ್ಯಾಂಡ್ ಸಾ ಮರವನ್ನು ಎದೆಗೆ ಎಸೆಯುವುದಿಲ್ಲ. ಹಲ್ಲು ಕೆಳಮುಖವಾಗಿ ಓಡುವುದರಿಂದ ಮರ ಮೇಜಿಗೇ ಒತ್ತಿಕೊಳ್ಳುತ್ತದೆ. ಇದು ‘ಸಾಧು ಯಂತ್ರ’ ಎಂಬ ಭಾವನೆ ಹುಟ್ಟಿದ್ದು ಹೀಗೆ. ದುಂಡು ಕೊಂಬೆ ಕೊಟ್ಟು ನೋಡಿದರೆ ಆ ಸಾಧುತನ ತಿಳಿಯುತ್ತದೆ: ಹಲ್ಲು ಅದನ್ನು ಉರುಳಿಸಿ, ಹಿಡಿದ ಕೈಯನ್ನೂ ಒಳಗೆಳೆಯುತ್ತದೆ. ದುಂಡು ಮರಕ್ಕೆ ಕಣಿವೆಯಾಕಾರದ ಆಸರೆ ಕೊಟ್ಟು ಬಿಗಿಯಾಗಿ ಹಿಡಿಯಬೇಕು. ಮೇಲಿನ ಗೈಡನ್ನೂ ಅದರ ಗಾರ್ಡನ್ನೂ ಮರಕ್ಕೆ 6 ಮಿಲಿಮೀಟರಿನಷ್ಟು ಹತ್ತಿರ ಇಳಿಸಿದರೆ ಬಯಲಾಗಿರುವ ಹಲ್ಲು ಕಡಿಮೆ, ಪಟ್ಟಿ ಬಳುಕುವುದೂ ಕಡಿಮೆ. ಕೊನೆಯ ಗೇಣುದ್ದವನ್ನು ಬೆರಳಿನಿಂದಲ್ಲ, ಕಡ್ಡಿಯಿಂದ ದೂಡಬೇಕು. ತಿರುವಿನ ಕೊಯ್ತದ ಅರ್ಧದಲ್ಲಿ ಯಂತ್ರ ಓಡುತ್ತಿರುವಾಗಲೇ ಮರವನ್ನು ಹಿಂದಕ್ಕೆಳೆದರೆ ಪಟ್ಟಿ ಗಾಲಿಯಿಂದ ಕಳಚಬಹುದು. ಹೆಗಲ ಟವೆಲ್ಲು, ಸಡಿಲ ತೋಳು, ಕಡಗ, ಕೈಚೀಲ ಯಾವುದೂ ಈ ಯಂತ್ರದ ಮುಂದೆ ಸಲ್ಲದು. ಸ್ವಿಚ್ಚು ಆರಿಸಿದ ಮೇಲೂ ಭಾರದ ಗಾಲಿ ಸದ್ದಿಲ್ಲದೆ ತಿರುಗುತ್ತಿರುತ್ತದೆ. ಹೊಟ್ಟು ಬಳಿಯಲು ಕೈ ಹಾಕುವುದು ಸಾಮಾನ್ಯವಾಗಿ ಆಗಲೇ. ಆ ಹೊಟ್ಟೂ ನಿರಪಾಯಕಾರಿಯಲ್ಲ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿತು.

ಕಾನೂನು ಇದನ್ನೆಲ್ಲ ಅರಿಯದೇ ಇರಲಿಲ್ಲ. 1948ರ ಕಾರ್ಖಾನೆ ಕಾಯಿದೆಯ 21ನೇ ಕಲಂ ಯಂತ್ರಗಳ ಅಪಾಯಕಾರಿ ಭಾಗಗಳಿಗೆ ತಡೆ ಇರಬೇಕೆಂದಿತು. ಚಲಿಸುವ ಯಂತ್ರವನ್ನು ಪರೀಕ್ಷಿಸುವವನು ತರಬೇತಾದವನಾಗಿರಬೇಕು, ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕು, ಆ ಉಡುಪನ್ನು ಮಾಲೀಕನೇ ಕೊಡಬೇಕು ಎಂದು 22ನೇ ಕಲಂ ವಿಧಿಸಿತು. ಒಳ್ಳೆಯ ಮಾತುಗಳೇ. ಆದರೆ ವಿದ್ಯುತ್ ಬಳಸುವಲ್ಲಿ ಹತ್ತು ಮಂದಿ ಕೆಲಸಗಾರರಿದ್ದರೆ ಮಾತ್ರ ಆ ಕಾಯಿದೆಯ ದೃಷ್ಟಿಯಲ್ಲಿ ಅದು ಕಾರ್ಖಾನೆಯಾಗಿತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಈ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿತು. ಒಬ್ಬ ಆಚಾರಿ, ಇಬ್ಬರು ಹುಡುಗರು ಇರುವ ಶೆಡ್ಡು ಎರಡೂ ಲೆಕ್ಕಕ್ಕೆ ಹೊರಗೆ. ಪಟ್ಟಿಗೆ ಮಾತ್ರ ಹಾಜರಿ ಪುಸ್ತಕದ ಸಂಖ್ಯೆ ಗೊತ್ತಾಗುವುದಿಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ನೀಡಿದ ಆದೇಶದಿಂದ ಕಾಡಿನ ಮರ ಕಡಿತಕ್ಕೆ ದೇಶದಾದ್ಯಂತ ಬಿಗಿ ಬಂತು. ವಿದೇಶದ ದಿಮ್ಮಿ, ತೋಟದ ಮರ, ಕೆಡವಿದ ಹಳೆಯ ಮನೆಗಳ ತೊಲೆ ಇವೂ ಶೆಡ್ಡಿಗೆ ಬರುವ ಸರಕು. ಹಳೆಯ ತೊಲೆಯೊಳಗೆ ಮೊಳೆ ಅಡಗಿರುತ್ತದೆ. ಹಿತ್ತಲಿನ ಮಾವಿನ ಮರದಲ್ಲಿ ಬಟ್ಟೆ ಒಣಹಾಕಲು ಹೊಡೆದ ಮೊಳೆಯನ್ನು ತೊಗಟೆ ಮುಚ್ಚಿರುತ್ತದೆ. ಒಂದೇ ಮೊಳೆ ಸಾಕು, ಹತ್ತಾರು ಹಲ್ಲು ಹೋಗಲು, ಕೆಲವೊಮ್ಮೆ ಪಟ್ಟಿಯೇ ಕಡಿಯಲು. ಅಯಸ್ಕಾಂತ ಆಡಿಸಿ ನೋಡುವುದು ಐದು ನಿಮಿಷದ ಕೆಲಸ.

ಸಂಜೆ ಕೆಲಸ ಮುಗಿದ ಮೇಲೆ ಗಾಲಿಗೆ ಮೆತ್ತಿದ ಅಂಟನ್ನು ಬಳಿದು, ಪಟ್ಟಿಯ ಬಿಗಿಯನ್ನು ತುಸು ಇಳಿಸಬೇಕು. ಬಿಗಿಯಲ್ಲೇ ರಾತ್ರಿ ಕಳೆದರೆ ಗಾಲಿಯ ರಬ್ಬರು ತಗ್ಗುಬೀಳುತ್ತದೆ, ಪಟ್ಟಿಯೂ ಸೋಲುತ್ತದೆ. ಆದರೆ ಬಿಗಿ ಇಳಿದದ್ದು ಮರೆತು ಬೆಳಿಗ್ಗೆ ಬೇಗ ಬಂದ ಹುಡುಗ ಸ್ವಿಚ್ಚು ಹಾಕಿದರೆ ಪಟ್ಟಿ ಗಾಲಿಯಿಂದ ಹಾರುತ್ತದೆ. ಅದಕ್ಕಾಗಿ ಬಿಗಿ ಇಳಿಸಿದವನೇ ಮೋಟಾರಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಸ್ವಿಚ್ಚಿನ ಪಕ್ಕ ಸೀಮೆಸುಣ್ಣದಲ್ಲಿ ‘ಪಟ್ಟಿ ಸಡಿಲ’ ಎಂದು ಬರೆದು ಬಾಗಿಲು ಹಾಕಬೇಕು.