ಕಳ್ಳಿಯ ಕುಲ

ಕೋಲಾರದಿಂದ ಮಾಲೂರಿಗೋ ಮುಳಬಾಗಿಲಿಗೋ ಹೋಗುವ ದಾರಿಯಲ್ಲಿ ಮುಳ್ಳುಬೇಲಿಯನ್ನು ತೋರಿಸಿ ಅದಾವ ಗಿಡವೆಂದು ಕೇಳಿದರೆ ‘ಕಳ್ಳಿ’ ಎಂಬ ಉತ್ತರ ಬಂದೀತು. ಶ್ರೀನಿವಾಸಪುರದ ತೆಲುಗು ಮನೆಮಾತಿನವರು ‘ಜೆಮುಡು’ ಎಂದಾರು. ಎರಡು ನುಡಿಗಳೂ ಮುಳ್ಳು ಮೈಯ, ರಸ ತುಂಬಿದ ಗಿಡಗಳನ್ನು ಒಂದೇ ಮನೆಯವರೆಂದು ಎಣಿಸಿವೆ. ಸಸ್ಯಶಾಸ್ತ್ರವಾದರೋ ಆ ಮನೆಯನ್ನು ಎರಡು ಪಾಲು ಮಾಡಿದೆ.

ಚದುರಗಳ್ಳಿ, ಎಲೆಗಳ್ಳಿಗಳು ಹರಳುಗಿಡದ ಬಂಧುಗಳು. ಇವುಗಳ ಮುಳ್ಳು ಜೋಡಿಜೋಡಿಯಾಗಿರುತ್ತದೆ; ಮುರಿದರೆ ಹಾಲು ಸುರಿಯುತ್ತದೆ, ಆ ಹಾಲು ಕಣ್ಣಿಗೆ ಕೇಡು. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ. ಅದರ ಮುಳ್ಳುಗಳು ಪುಟ್ಟ ಮೆತ್ತೆಯಂಥ ಚುಕ್ಕೆಯಿಂದ ಗುಂಪಾಗಿ ಹೊರಡುತ್ತವೆ. ಆ ಮೆತ್ತೆಯೇ ಕ್ಯಾಕ್ಟಸ್ ಕುಟುಂಬದ ಮುದ್ರೆ. ಅಮೆರಿಕದಿಂದ ಬಂದ ಈ ಅತಿಥಿಯ ಚಪ್ಪಟೆ ಮೈಯಲ್ಲಿ ಕನ್ನಡಿಗ ಪಾಪಾಸಿನ ಅಟ್ಟೆಯನ್ನು ಕಂಡ. ತೆಲುಗಿನವನು ಹಾವಿನ ಹೆಡೆಯನ್ನು ಕಂಡು ‘ನಾಗಜೆಮುಡು’ ಎಂದ. ಇಬ್ಬರೂ ಅದನ್ನು ಹಳೆಯ ಕಳ್ಳಿಯ ಕುಲಕ್ಕೇ ಸೇರಿಸಿದರು.

ಪಂಡಿತರೂ ಒಮ್ಮೆಗೇ ನಿಲುಗಡೆಗೆ ಬಂದವರಲ್ಲ. 1753ರಲ್ಲಿ ಲಿನೇಯಸ್ ತನಗೆ ತಿಳಿದ ಕ್ಯಾಕ್ಟಸ್‌ಗಳನ್ನೆಲ್ಲ ಒಂದೇ ಜಾತಿಯಲ್ಲಿ ಅಡಕಿಸಿದ. ಮರುವರ್ಷವೇ ಫಿಲಿಪ್ ಮಿಲ್ಲರ್ ಅದನ್ನು ಒಡೆದು ಪಾಪಾಸುಕಳ್ಳಿಯ ಬಳಗವನ್ನು ‘ಒಪನ್ಷಿಯ’ ಎಂದು ಬೇರ್ಪಡಿಸಿದ. 1919ರಿಂದ 1923ರವರೆಗೆ ಬ್ರಿಟನ್ ಮತ್ತು ರೋಸ್ ಈ ಕುಟುಂಬದ ಮೇಲೆ ನಾಲ್ಕು ಸಂಪುಟಗಳನ್ನು ಪ್ರಕಟಿಸಿದರು.

ಹೆಸರಿನ ಈ ವಿಂಗಡಣೆಯಿಂದ ರೈತನಿಗೇನು ಎಂದು ಕೇಳಬಹುದು. ಉತ್ತರ ಕೊಟ್ಟದ್ದು ಒಂದು ಹುಳು. ಕಿರಮಂಜಿ ಬಣ್ಣ ಕೊಡುವ ಕೀಟ ಸ್ಪೇನಿನವರ ಕೈಯಲ್ಲಿತ್ತು. ಅದನ್ನು ಸಾಕುವ ಆಸೆಯಿಂದ ವೈದ್ಯ ಜೇಮ್ಸ್ ಆಂಡರ್ಸನ್ ಮದರಾಸಿನ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಬೆಳೆಸಿದ್ದ. 1795ರಲ್ಲಿ ಬ್ರೆಜಿಲಿನಿಂದ ಕಲ್ಕತ್ತೆಗೆ ಹುಳು ಬಂದಿತು. ಆದರೆ ಬಂದದ್ದು ಬೇಕಾದ ಹುಳುವಲ್ಲ, ಅದರ ಕಾಡು ದಾಯಾದಿ. ಬಣ್ಣ ಹೀನವಾಯಿತು. ಹುಳು ಮಾತ್ರ ಒಂದು ಬಗೆಯ ಪಾಪಾಸುಕಳ್ಳಿಯನ್ನು ಉತ್ತರದಲ್ಲಿ ತಿಂದು ಮುಗಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣಕ್ಕೆ ತಂದಾಗ ಇಲ್ಲಿಯೂ ಅದೇ ಬಗೆಯನ್ನು ತಿಂದಿತು. ಪಕ್ಕದಲ್ಲೇ ಇದ್ದ ಇನ್ನೊಂದು ಬಗೆಯಾದ ‘ಡಿಲೀನಿ’ಯನ್ನು ಬಾಯಿಗೂ ಮುಟ್ಟಿಸಲಿಲ್ಲ. ಜನ ಒಂದೇ ಎಂದುಕೊಂಡದ್ದು ಹುಳುವಿಗೆ ಎರಡಾಗಿತ್ತು.

ಹೀಗೆ ಉಳಿದ ಡಿಲೀನಿಯೇ ದಕ್ಷಿಣದ ಒಣನೆಲದಲ್ಲಿ ಹಬ್ಬಿ ಹೊಲ, ಗೋಮಾಳಗಳನ್ನು ನುಂಗಿತು. 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಕಿರಮಂಜಿ ಹುಳುವನ್ನು ತಂದು ಬಿಟ್ಟರು. ಇದಕ್ಕೆ ಡಿಲೀನಿಯೇ ಆಹಾರ. ಕೆಲವೇ ವರ್ಷಗಳಲ್ಲಿ ಪೊದೆಗಳು ಕುಸಿದವು, ನೆಲ ಮತ್ತೆ ಕಾಣಿಸಿತು. ಹೆಸರು ತಪ್ಪಿದಲ್ಲಿ ಕೆಟ್ಟ ಕೆಲಸ ಹೆಸರು ಸರಿಹೋದಲ್ಲಿ ಕೈಗೂಡಿತು.

ಡಿಲೀನಿ ಸ್ವತಂತ್ರ ಬಗೆಯೋ ಇನ್ನೊಂದರ ಒಳಭೇದವೋ ಎಂಬ ವಾದ ಆಮೇಲೂ ನಿಲ್ಲಲಿಲ್ಲ; 1969ರಲ್ಲಿ ಬೆನ್ಸನ್ ಎಂಬ ವಿದ್ವಾಂಸ ಅದನ್ನು ಒಳಭೇದವೆಂದು ಇಳಿಸಿದ. ಬೇಲಿ ಹಾಕುವವನಿಗೆ ಮುಳ್ಳಿದ್ದರೆ ಸಾಕು, ‘ಕಳ್ಳಿ’ ಎಂಬ ಮಾತು ಅವನಿಗೆ ಸಾಲುತ್ತದೆ. ದನ ಕಾಯುವ ಹುಡುಗನಿಗೆ ಸಾಲದು: ಒಂದು ಕಳ್ಳಿಯ ಹಣ್ಣು ತಿಂದರೆ ಅವನ ನಾಲಿಗೆ ಕೆಂಪಾಗುತ್ತದೆ, ಇನ್ನೊಂದರ ಹಾಲು ಸಿಡಿದರೆ ಕಣ್ಣು ಹೋದೀತು. ಇನ್ನೊಮ್ಮೆ ಬೇಲಿಯ ಬಳಿ ನಿಂತಾಗ ಮುಳ್ಳಿನ ತುದಿಯನ್ನು ಬಿಟ್ಟು ಅದರ ಬುಡವನ್ನು ನೋಡಿ.